ನರ್ಸಮ್ಮನನ್ನು ಹೊತ್ತ ಗಾಡಿ

ಕಪಿಲೆಯ ದಡದಲ್ಲಿ ಪರಶಿವಪ್ಪನವರ ಮನೆ. ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಶೆಡ್ಡು. ಹಳೆಯ ಮೋಟಾರು ಬೈಕುಗಳಿಗೆ ಅಲ್ಲಿ ಮತ್ತೆ ಜೀವ ಬರುತ್ತಿತ್ತು. ಯಾರಾದರೂ ಹೊಗಳಿದರೆ, ಜೀವ ಕೊಡುವವನು ಮೇಲಿದ್ದಾನೆ, ನಾನು ಬರೀ ತುಕ್ಕು ಒರೆಸುವವನು ಎನ್ನುತ್ತಿದ್ದರು.

ಗಾಡಿ ತಳ್ಳಿಕೊಂಡು ಬಂದವರನ್ನು ಏನು ಕೆಟ್ಟಿದೆ ಎಂದು ಅವರು ಕೇಳುತ್ತಿರಲಿಲ್ಲ.

"ಇದು ಯಾರನ್ನು ಹೊತ್ತಿತ್ತು?" ಎಂದು ಕೇಳುತ್ತಿದ್ದರು.

ಅದು ತಿಳಿಯುವವರೆಗೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ಹೂ ಕಟ್ಟುವ ಶಿವಮಲ್ಲು ತೀರಿಹೋದ ಅಪ್ಪನ ಗಾಡಿ ತಂದಾಗಲೂ ಅದನ್ನೇ ಕೇಳಿದರು.

ಅವನು ಹೇಳಿದ. ತಾನು ಹುಟ್ಟುವಾಗ ಅಮ್ಮನಿಗೆ ಹೆರಿಗೆ ಕಷ್ಟವಾಗಿತ್ತು. ಹೊಳೆ ತುಂಬಿ ಬಸ್ಸು ನಿಂತಿತ್ತು. ಅಪ್ಪ ಇದೇ ಗಾಡಿಯಲ್ಲಿ ಸೇತುವೆ ದಾಟಿ, ನರ್ಸ್ ಫಿಲೋಮಿನಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದರು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು.

ಈಗ ಅಮ್ಮ ಹಾಸಿಗೆ ಬಿಟ್ಟು ಏಳಲಾರಳು. ಆ ನರ್ಸಮ್ಮನ ಕೈಯನ್ನು ಒಮ್ಮೆ ಹಿಡಿದುಕೊಳ್ಳಬೇಕು ಎಂಬುದೊಂದೇ ಅವಳ ಹಂಬಲ. ನರ್ಸಮ್ಮನೋ ಆಯುಧಪೂಜೆಯ ಸಂಜೆ ಮಂಗಳೂರಿನ ತಂಗಿಯ ಮಗಳ ಮನೆಗೆ ಹೊರಟುಬಿಡುವವರು, ಮತ್ತೆ ಬರುವವರಲ್ಲ. ಕರೆಯಲು ಹೋದರೆ, ಆಟೋದಲ್ಲಿ ಯಾರು ಬೇಕಾದರೂ ಕರೆದುಕೊಂಡು ಹೋಗುತ್ತಾರೆ, ನಿಮ್ಮಪ್ಪನ ಗಾಡಿ ತಂದರೆ ಬರುತ್ತೇನೆ ಎಂದು ನಕ್ಕಿದ್ದರು.

ಪರಶಿವಪ್ಪ ಗುರುಗಳು ಹಿಂದಿನ ಸೀಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡರು.

ಮಳೆಗಾಲವಿಡೀ ಶಿವಮಲ್ಲು ಅವರ ಬಳಿ ಕಲಿತ. ತುಕ್ಕು ಉಜ್ಜಿದ, ಟ್ಯಾಂಕಿಗೆ ಬಣ್ಣ ಹೊಡೆದ. ವಯಸ್ಸಾದ ಸೊಂಟಕ್ಕೆ ನೋವಾಗದಿರಲೆಂದು ಗುರುಗಳು ಹಿಂದಿನ ಸ್ಪ್ರಿಂಗ್ ಬದಲಿಸಿ ಸೀಟು ತಗ್ಗಿಸಿದರು. ಹಬ್ಬದ ಹಿಂದಿನ ದಿನ ಎಂಜಿನ್ ಒಂದೇ ಒದೆತಕ್ಕೆ ಗುಡುಗಿತು.

ಶಿವಮಲ್ಲುವಿನ ಕಣ್ಣು ತುಂಬಿ ಬಂತು. "ಇದರ ಋಣ ಹೇಗೆ ತೀರಿಸಲಿ, ಗುರುಗಳೇ?"

"ನಾಳೆ ಓಡಿಸು."

ಅಷ್ಟು ಸಾಲದೆನಿಸಿತು ಅವನಿಗೆ.

ಹಬ್ಬದ ಬೆಳಗ್ಗೆ ಗುರುಗಳು ಹೊಳೆಗೆ ಸ್ನಾನಕ್ಕೆ ಹೋಗಿದ್ದಾಗ ಅವನೊಬ್ಬನೇ ಪೂಜೆಗೆ ಕೂತ. ತಾನೇ ಕಟ್ಟಿದ ಸೇವಂತಿಗೆ ಹಾರಗಳನ್ನು ಹ್ಯಾಂಡಲ್ಲಿಗೂ ಸೀಟಿನ ಉದ್ದಕ್ಕೂ ಹಾಸಿದ. ಹೊರಗಿನದಕ್ಕಷ್ಟೇ ಪೂಜೆ ಮಾಡಿದರೆ ಒಳಗೆ ದುಡಿದವಕ್ಕೆ ಬೇಸರವಾಗದೇ ಎಂದುಕೊಂಡು, ಎಂಜಿನ್ನಿನ ಮುಚ್ಚಳ ಬಿಚ್ಚಿ ಒಳಗೂ ಗಂಧ ಹಚ್ಚಿದ.

ಗಾಡಿ ಸಿದ್ಧವಾಗಿದೆ ಎಂದು ಕೇಳಿ, ಕೋಲೂರಿಕೊಂಡು ನರ್ಸಮ್ಮ ತಾವೇ ಶೆಡ್ಡಿಗೆ ಬಂದರು. ಅವರ ಎದುರು ಶಿವಮಲ್ಲು ಗಾಡಿ ಒದ್ದ. ಅದು ಕೆಮ್ಮಲೂ ಇಲ್ಲ. ಮತ್ತೆ ಒದ್ದ, ಮತ್ತೆ ಮತ್ತೆ ಒದ್ದ. ಬಿಸಿಲೇರುತ್ತಿತ್ತು. ಆಚೆ ದಡದಲ್ಲಿ ಅಮ್ಮ ಬಾಗಿಲು ನೋಡುತ್ತ ಮಲಗಿರುತ್ತಾಳೆ ಎಂದು ನೆನೆದು ಇನ್ನೂ ಜೋರಾಗಿ ಒದ್ದ.

"ನೀನು ಹುಟ್ಟೋಕೂ ಇಷ್ಟು ಹೊತ್ತು ತಗೊಳ್ಳಲಿಲ್ಲವಲ್ಲೋ ಮಗಾ," ಎಂದರು ನರ್ಸಮ್ಮ.

ಸ್ನಾನ ಮುಗಿಸಿ ಬಂದ ಗುರುಗಳು ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಎರಡು ಪುಟ್ಟ ಲೋಹದ ಚುಕ್ಕಿಗಳು. ಅವು ಒಂದನ್ನೊಂದು ಮುಟ್ಟಿ ಬಿಟ್ಟರಷ್ಟೇ ಎಂಜಿನ್ನಿಗೆ ಕಿಡಿ. ಅವೆರಡರ ನಡುವೆ ಗಂಧ ಒಣಗಿ ಗಟ್ಟಿಯಾಗಿತ್ತು.

"ಇಲ್ಲಿಗೂ ಹಚ್ಚಿದೆಯಾ?"

"ಕಿಡಿಯ ಮೂಲ ಅಂತ ನೀವೇ ತೋರಿಸಿದ್ದಿರಿ. ಅದಕ್ಕೇ ಅಲ್ಲಿಗೆ ಸ್ವಲ್ಪ ಹೆಚ್ಚೇ ಹಚ್ಚಿದೆ."

ಗುರುಗಳು ನಗಲಿಲ್ಲ. ಬಟ್ಟೆಯ ತುದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದರು. ಬೆರಳಿಗೆ ಅಂಟಿದ ಗಂಧವನ್ನು ತಮ್ಮ ಹಣೆಗೆ ಇಟ್ಟುಕೊಂಡರು.

ಶಿವಮಲ್ಲು ತಲೆ ತಗ್ಗಿಸಿದ. "ಪೂಜೆ ಮಾಡಿದ್ದೇ ತಪ್ಪಾಯಿತೇ, ಗುರುಗಳೇ?"

"ಒದಿ," ಎಂದರು ಗುರುಗಳು.

ಒದ್ದ. ಗಾಡಿ ಗುಡುಗಿತು. ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು.

ನರ್ಸಮ್ಮ ಸೀಟಿನ ಬಳಿ ಬಂದು ನಿಂತರು. ಹಾರಗಳ ನಡುವೆ ಕೂರಲು ಜಾಗವಿರಲಿಲ್ಲ. ಗುರುಗಳು ಹಾರಗಳನ್ನು ಒಂದೊಂದಾಗಿ ತೆಗೆದು, ಮಡಚಿ, ಹಾಸಿಗೆ ಹಿಡಿದ ತಾಯಿಗೆ ಕೊಡಿ ಎಂದು ಅವರ ಚೀಲಕ್ಕೆ ಹಾಕಿದರು. ಆಮೇಲೆ ಕೈ ಹಿಡಿದು ಹತ್ತಿಸಿದರು. ಸೆರಗು ಸರಿಮಾಡಿಕೊಂಡು ನರ್ಸಮ್ಮ ಒಂದೇ ಬದಿಗೆ ಕೂತರು. ಅವರ ಕಾಲು ಗಾಳಿಯಲ್ಲಿ ತೂಗುತ್ತಿತ್ತು.

ಶಿವಮಲ್ಲುವಿಗೆ ತಡೆಯಲಾಗಲಿಲ್ಲ. ಓಡಿ ಬಂದು ಗುರುಗಳ ಎರಡೂ ಪಾದ ಹಿಡಿದು ಹಣೆಯಿಟ್ಟ. ಎಷ್ಟು ಹೊತ್ತಾದರೂ ಏಳಲಿಲ್ಲ.

ಗುರುಗಳು ಬಾಗಿ ಅವನ ಭುಜ ಮುಟ್ಟಿದರು.

"ನನ್ನ ಪಾದ ಬಿಡು, ಶಿವಮಲ್ಲು. ಹಿಂದೆ ಕೂತ ಆ ತಾಯಿಯ ಪಾದಕ್ಕೆ ಫುಟ್‌ರೆಸ್ಟ್ ಬಿಡಿಸಿಲ್ಲ ನೀನು."