ಪುಕ್ಕಟೆ ಬಂದ ಎಸ್‌ಎಂಪಿಎಸ್

ಗೇಮ್ ಆಡಲೆಂದು ಶ್ರೀವತ್ಸ ಹೊಸ ಕಂಪ್ಯೂಟರ್ ಜೋಡಿಸಿದ. ಇದ್ದ ದುಡ್ಡೆಲ್ಲ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ಎಲ್ಲಕ್ಕೂ ಕರೆಂಟ್ ಹಂಚಬೇಕಾದ ಎಸ್‌ಎಂಪಿಎಸ್ ಮಾತ್ರ, ಬಣ್ಣದ ಲೈಟಿನ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿತ್ತು.

ಗೇಮ್ ಶುರುವಾಯಿತು. "ಏಯ್ ಪುಕ್ಕಟೆ, ಇನ್ನಷ್ಟು ಕರೆಂಟ್ ಕೊಡು!" ಎಂದು ಕಾರ್ಡು ಗದರಿತು.

"ಆಗದು. ನನ್ನ ಶಕ್ತಿ ಇನ್ನೂರೇ ವಾಟ್."

"ನಿನ್ನ ಬೆನ್ನ ಮೇಲೆ ಐನೂರು ಅಂತ ಬರೆದಿದೆಯಲ್ಲ!"

ಎಸ್‌ಎಂಪಿಎಸ್‌ಗೆ ಮೈಯೆಲ್ಲ ಉರಿಯಿತು. "ಆ ಚೀಟಿ ಅಂಟಿಸಿದವನು ನನ್ನನ್ನು ಕೇಳಿದನೇ? ಮಾರಿದವನು ಕೇಳಿದನೇ? ತಂದವನು ಕೇಳಿದನೇ? ಹೊರಲಾರೆ ಅಂತ ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆ, ನೀನಾದರೂ ಕೇಳು!"

ಕಾರ್ಡು ಕೇಳಲಿಲ್ಲ. ಇನ್ನಷ್ಟು ಎಳೆಯಿತು. ಟಪ್ ಎಂದು ಪರದೆ ಕಪ್ಪಾಯಿತು.

ಶ್ರೀವತ್ಸ ಮೂಗು ಮುಚ್ಚಿಕೊಂಡು ಕ್ಯಾಬಿನೆಟ್ ಬಿಚ್ಚಿದ. ಎರಡೂ ಸುಟ್ಟುಹೋಗಿದ್ದವು. ಐನೂರರ ಚೀಟಿಗೆ ಮಾತ್ರ ಏನೂ ಆಗಿರಲಿಲ್ಲ.