ಹೆಸರಿಗಾಗಿ ಕಾದ ಕೂಸು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಗುರುಪಾದಜ್ಜ ಅಂತ ಒಬ್ಬರು ಸ್ವಾಮಿಗಳು. ನಾಲ್ಕು ಒಳ್ಳೆ ಮಾತು ಹೇಳ್ರಿ ಅಜ್ಜಾ ಅಂದರೆ ಗಿಡಕ್ಕೆ ನೀರು ಹಾಕುತ್ತ ನಿಲ್ಲುವವರು. ಕೇಳಲು ಬಂದವರು ತಾವೇ ಮಾತಾಡಿ ಮಾತಾಡಿ ಸುಸ್ತಾಗಿ, ಹಗುರಾಗಿ ಎದ್ದು ಹೋಗುತ್ತಿದ್ದರು.

ನೀಲವ್ವ ಅವರ ಶಿಷ್ಯೆ. ಅವಳ ಗಂಡ ಚೆನ್ನವೀರ ಸೀರೆ ನೇಯುವವನು. ಮದುವೆಯಾಗಿ ಬಹಳ ವರ್ಷ ಆಗಿತ್ತು, ಮಕ್ಕಳಾಗಿರಲಿಲ್ಲ.

ಹೋದ ಯುಗಾದಿಯ ದಿನ ಗಂಡ ಹೆಂಡತಿ ಕೂತು ಒಂದು ತೀರ್ಮಾನ ಮಾಡಿದರು. ಈ ವರ್ಷ ಮನೆಯಲ್ಲಿ ಕೊರಗುವುದು ಬೇಡ, ದೇವರಿರುವ ಕಡೆ ಹೋಗೋಣ, ನೆಂಟರಿರುವ ಕಡೆ ಉಣ್ಣೋಣ. ಆಮೇಲೆ ಒಂದು ಸೀರೆ ಮುಗಿದರೆ ಸಾಕು, ಮಗ್ಗಕ್ಕೆ ರಜೆ. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿಬಿಡುವರು.

ಎಂಥ ಚೆಂದದ ವರ್ಷ ಅಂತೀರಿ. ಗುಡ್ಡ ಹತ್ತುವಾಗ ಚೆನ್ನವೀರನ ಉಸಿರು ಕಟ್ಟುತ್ತಿತ್ತು, ನೀಲವ್ವ ಹಿಂದಿನಿಂದ ದಬ್ಬುತ್ತಿದ್ದಳು. ಹೊಳೆಯಲ್ಲಿ ಮಿಂದು ಒಂದೇ ಟವೆಲ್ಲಿಗೆ ಜಗಳಾಡಿದರು. ಚೆನ್ನವೀರನ ತಂಗಿಯ ಮನೆಯಲ್ಲಿ ಹೋಳಿಗೆ ಬಡಿಸಿ ಬಡಿಸಿ ಏಳಲು ಬಿಡಲಿಲ್ಲ. ಬಸ್ಸಿನಲ್ಲಿ ಗಂಡ ಅವಳ ಭುಜದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದಾಗ ನೀಲವ್ವನಿಗೆ ಇವನ ಮೇಲೆ ಇಷ್ಟು ಪ್ರೀತಿ ಇತ್ತೇ ಅಂತ ತನಗೇ ಆಶ್ಚರ್ಯ ಆಗುತ್ತಿತ್ತು.

ಆದರೆ ಒಂದು ಎಡವಟ್ಟು ಮಾಡಿಕೊಂಡರು. ಎಲ್ಲಿ ಹೋದರೂ ಹರಕೆ ಹೊತ್ತರು, ಹೊತ್ತ ಹರಕೆ ಎಲ್ಲಾ ಕಡೆ ಒಂದೇ. ಕೂಸು ಕೊಡು, ಅದಕ್ಕೆ ನಿನ್ನ ಹೆಸರೇ ಇಡುತ್ತೇವೆ.

ಗುಡ್ಡದ ಎಲ್ಲವ್ವನಿಗೆ ಹೀಗೆ ಹೇಳಿದರು. ಮೈಲಾರಲಿಂಗನಿಗೂ ಹೇಳಿದರು, ಬನಶಂಕರಿಗೂ ಹೇಳಿದರು. ದರ್ಗಾದಲ್ಲಿ ನವಿಲುಗರಿ ತಲೆಗೆ ತಾಗಿಸಿಕೊಂಡು, ಗಂಡಾದರೆ ಹುಸೇನಪ್ಪ, ಹೆಣ್ಣಾದರೆ ಹುಸೇನವ್ವ ಅಂದು ಬಂದರು. ಚೆನ್ನವೀರನ ಅವ್ವ ತನ್ನ ತಾಯಿಯ ಹೆಸರು ಫಕೀರವ್ವ ಬೇಕೆಂದಳು, ನೀಲವ್ವ ಹೂಂ ಅಂದಳು. ಗದ್ದಲದ ಬಸ್ಸಿನಲ್ಲಿ ಸೀಟು ಕೊಡಿಸಿದ ಕಂಡಕ್ಟರ್ ದುರಗಪ್ಪ ಚೇಷ್ಟೆಗೆ, ನನ್ನ ಹೆಸರೂ ಇಡ್ರಿ ಅಂದ. ಚೆನ್ನವೀರ ಅವನಿಗೂ ಆಗಲಿ ಅಂದುಬಿಟ್ಟ.

ವರ್ಷ ಮುಗಿಯುತ್ತ ಬಂದಾಗ ನೀಲವ್ವ ಮಾತು ಕೊಟ್ಟ ಹೆಸರುಗಳನ್ನು ಬೆರಳು ಮಡಚಿ ಎಣಿಸಿದಳು. ಇರುವುದು ಒಂದು ಹೊಟ್ಟೆ. ಒಬ್ಬರ ಹೆಸರಿಟ್ಟರೆ ಉಳಿದವರೆಲ್ಲ ಮುನಿಯುತ್ತಾರೆ. ಇವಳು ಇನ್ನೊಬ್ಬರ ಹೆಸರಿಡುತ್ತಾಳೆ ಅಂತ ಗೊತ್ತಿದ್ದೂ ಯಾವ ದೇವರು ತಾನೇ ಕೂಸು ಕಳಿಸಿಯಾನು? ಊಟ ಸೇರದಾಯಿತು. ಗಂಡನನ್ನು ಎಬ್ಬಿಸಿಕೊಂಡು ಮಠಕ್ಕೆ ಬಂದಳು.

ಅಜ್ಜ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು.

"ಅಜ್ಜಾ, ಯಾವ ದೇವರಿಗೆ ಕೊಟ್ಟ ಮಾತು ಉಳಸ್ಲಿ, ಯಾವ ದೇವರಿಗೆ ತಪ್ಪಲಿ?" ಅಂತ ನೀಲವ್ವ ನಡೆದದ್ದನ್ನೆಲ್ಲ ಹೇಳಿದಳು.

"ಕೂಸು ಎಲ್ಲೈತಿ?" ಅಂದರು ಅಜ್ಜ.

"ಇನ್ನೂ ಇಲ್ರಿ."

"ಹೆಸರು?"

"ಬಾಯಾಗ ಅದಾವ್ರಿ."

ಅಜ್ಜ ನಕ್ಕ ರಭಸಕ್ಕೆ ಕೈಯಲ್ಲಿದ್ದ ತಂಬಿಗೆಯ ನೀರು ಅರ್ಧ ಅವರ ಕಾಲ ಮೇಲೇ ಚೆಲ್ಲಿತು. ನೀಲವ್ವನಿಗೆ ಸಿಟ್ಟು ಬಂತು. ತನ್ನ ಜೀವ ಹೋಗುತ್ತಿದ್ದರೆ ಇವರಿಗೆ ನಗು. ಅಜ್ಜ ಮತ್ತೆ ನೀರು ತುಂಬಿಕೊಂಡು, ಎಲ್ಲೆಲ್ಲಿ ಹೋಗಿದ್ದಿರಿ ಅಂತ ಕೇಳಿದರು. ಅವಳು ಮುಖ ಗಂಟು ಹಾಕಿಕೊಂಡೇ ಒಂದೊಂದಾಗಿ ಹೇಳಿದಳು.

ಪಕ್ಕದಲ್ಲಿ ನಿಂತಿದ್ದ ಚೆನ್ನವೀರ ಆಗ ಬಾಯಿಬಿಟ್ಟ.

"ಎಲ್ಲಾ ಗುಡ್ಡ ಹತ್ತೇವ್ರಿ ಅಜ್ಜಾ. ಆಕಿ ಅಣ್ಣನ ಮನಿ ಮೆಟ್ಟಲ ಅಷ್ಟ ಹತ್ತಿಲ್ಲ."

ನೀಲವ್ವ ಗಂಡನ ಕಡೆ ಕೆಕ್ಕರಿಸಿ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

ವಿಷಯ ಇಷ್ಟೇ. ಅವಳ ಅಣ್ಣ ಸಿದ್ರಾಮನಿಗೆ ಹೆಣ್ಣು ಕೂಸು ಹುಟ್ಟಿ ತಿಂಗಳುಗಳು ಕಳೆದಿದ್ದವು. ಆ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕ ಇಲ್ಲವೆ ತಂಗಿ. ಸಿದ್ರಾಮನಿಗೆ ಇದ್ದವಳು ನೀಲವ್ವ ಒಬ್ಬಳೇ. ಕರೆಯಲು ಅಣ್ಣ ತಾನೇ ಬಂದಿದ್ದ. ಇವಳು ಜ್ವರ ಅಂತ ಮುಸುಕು ಹಾಕಿ ಮಲಗಿದಳು. ಇನ್ನೊಮ್ಮೆ ಬಂದ, ಇವಳು ಇನ್ನೊಂದು ನೆವ ಹೇಳಿದಳು. ನೀ ಬರುವ ತನಕ ಕೂಸಿಗೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ ಅಂತ ಹೇಳಿ ಅಣ್ಣ ಎದ್ದು ಹೋಗಿದ್ದ.

ಅವಳು ಹೋಗದಿದ್ದುದಕ್ಕೆ ಕಾರಣ ಇತ್ತು. ಹಿಂದೊಮ್ಮೆ ನೆರೆಮನೆಯ ತೊಟ್ಟಿಲ ದಿನ ಒಬ್ಬ ಮುದುಕಿ ಇವಳ ರಟ್ಟೆ ಹಿಡಿದು, ಮಕ್ಕಳಿಲ್ಲದಾಕಿ ನೀ ಚೂರು ಹಿಂದ ಸರಿಯವ್ವ ಅಂದಿದ್ದಳು. ಅವತ್ತಿನಿಂದ ನೀಲವ್ವ ಯಾವ ತೊಟ್ಟಿಲ ಹತ್ತಿರವೂ ಹೋಗಿರಲಿಲ್ಲ.

"ನನ್ನ ನೆರಳು ಆ ಕೂಸಿನ ಮ್ಯಾಲ ಬೀಳಬಾರದ್ರಿ ಅಜ್ಜಾ. ಅದು ಚೆಂದಿರ್ಲಿ ಅಂತ ದೂರ ಅದೀನಿ," ಅಂದಳು.

ಅಜ್ಜ ತಂಬಿಗೆ ಕೆಳಗಿಟ್ಟರು. ಕೈ ಒರೆಸಿಕೊಂಡು ಶಾಲು ಹೊದ್ದು, ಕೋಲು ತಗೊಂಡರು.

"ಮಧ್ಯಾಹ್ನದ ಬಸ್ಸಿಗೆ ನನಗೂ ಒಂದು ಸೀಟು ಹಿಡೀರಿ."

"ಎಲ್ಲಿಗ್ರಿ?"

"ಗುಗ್ಗರಿ ತಿನ್ನೂ ಮನಸಾಗೈತಿ," ಅಂದರು ಅಜ್ಜ.

ಗುಗ್ಗರಿ ಅಂದರೆ ತೊಟ್ಟಿಲ ದಿನ ಹಂಚುವ ಬೇಯಿಸಿದ ಕಾಳು. ನೀಲವ್ವನಿಗೆ ಅರ್ಥವಾಯಿತು. ಗುರುಗಳು ಮುಂದೆ ಹೊರಟ ಮೇಲೆ ಶಿಷ್ಯೆ ಹಿಂದೆ ಉಳಿಯುವುದು ಹೇಗೆ? ಗಂಡನ ಜೊತೆ ಬಸ್ಸು ಹತ್ತಿದಳು. ಅಜ್ಜ ಕಿಟಕಿಯ ಪಕ್ಕ ಕೂತು, ಬಿಟ್ಟ ಕಣ್ಣು ಬಿಟ್ಟ ಹಾಗೆ ಹೊಲ ನೋಡುತ್ತಿದ್ದರು.

ಬಾಗಿಲಲ್ಲಿ ತಂಗಿಯನ್ನು ಕಂಡ ಸಿದ್ರಾಮ ಏನೂ ಬಯ್ಯಲಿಲ್ಲ. ಅಜ್ಜನ ಕಾಲಿಗೆ ಬಿದ್ದು ಎದ್ದವನೇ ಅಟ್ಟ ಹತ್ತಿದ. ಹಳೆ ತೊಟ್ಟಿಲನ್ನು ಇಳಿಸಿ, ಧೂಳು ಒರೆಸಿ, ತೊಲೆಗೆ ಕಟ್ಟಿದ. ಅವನ ಹೆಂಡತಿ ಕಸ್ತೂರಿ ಒಲೆ ಮೇಲೆ ಕಾಳು ಇಟ್ಟು ಓಣಿಯ ಹೆಂಗಸರಿಗೆ ಹೇಳಿ ಕಳಿಸಿದಳು. ನೋಡುನೋಡುತ್ತಲೇ ಪಡಸಾಲೆ ತುಂಬಿತು.

ನೀಲವ್ವ ಬಾಗಿಲ ಸಂದಿಯಲ್ಲಿ ನಿಂತೇ ಇದ್ದಳು. ಅಲ್ಲಿ ಯಾರೂ ಅವಳಿಗೆ ಹಿಂದೆ ಸರಿ ಅನ್ನಲಿಲ್ಲ. ಅವಳೇ ಹಿಂದೆ ಸರಿಯುತ್ತ ಸರಿಯುತ್ತ ಗೋಡೆಗೆ ತಾಗಿದ್ದಳು.

ಕಸ್ತೂರಿ ನೆಟ್ಟಗೆ ಬಂದಳು. ನಾದಿನಿಯ ಕೈ ಹಿಡಿದು ತೊಟ್ಟಿಲ ಪಕ್ಕ ಕೂರಿಸಿ, ಮಲಗಿದ್ದ ಕೂಸನ್ನು ತೊಡೆಯ ಮೇಲೆ ಹಾಕಿದಳು.

"ತಗೋರಿ. ನಿಮ್ಮ ದಾರಿ ಕಾದು ಕಾದು ನಿದ್ದಿ ಹೋಗೈತಿ."

ಕೂಸು ಬೆಚ್ಚಗಿತ್ತು, ಭಾರವಾಗಿತ್ತು. ಹಣೆಯ ಮೇಲೆ ಅಣ್ಣನ ಹಾಗೇ ಒಂದು ಸುಳಿ ಇತ್ತು. ನೀಲವ್ವನ ಕಣ್ಣು ಮಂಜಾದವು. ಇಷ್ಟು ತಿಂಗಳು ಇದನ್ನು ನೋಡದೆ ಹೇಗಿದ್ದೆ ಅನ್ನಿಸಿತು. ಹಿಂದೆ ಹೆಂಗಸರು ಕೈ ಮೇಲೆತ್ತಿ ಸಾಲಾಗಿ ನಿಂತಿದ್ದರು. ಅತ್ತೆ ಹೆಸರು ಹೇಳುವ ಹೊತ್ತಿಗೆ ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ.

ಅವಳು ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಕಡೆ ತಿರುಗಿದಳು.

"ಯಾವ ಹೆಸರು ಹೇಳ್ಲಿ ಅಜ್ಜಾ?"

"ಬಾಯಾಗ ಎಷ್ಟು ಅದಾವು?"

ನೀಲವ್ವ ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿದಳು.

ಕುರ್ರ್, ಎಲ್ಲವ್ವ. ಬೆನ್ನಿಗೆ ಧಬಧಬ ಗುದ್ದು ಬಿದ್ದವು. ಮುಗಿಯಿತು ಅಂತ ಹೆಂಗಸರು ಕೈ ಇಳಿಸಿದರೆ, ಕುರ್ರ್, ಮೈಲಾರವ್ವ. ಮತ್ತೆ ಗುದ್ದು. ಬನಶಂಕರಿ, ಹುಸೇನವ್ವ, ಫಕೀರವ್ವ. ಗುದ್ದಿ ಗುದ್ದಿ ಹೆಂಗಸರಿಗೇ ಕೈ ನೋವು ಬಂತು, ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನೀಲವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಒಂದೊಂದು ಗುದ್ದಿಗೂ ಎದೆಯ ಮೇಲಿನ ಒಂದೊಂದು ಕಲ್ಲು ಉರುಳಿದಂತೆ ಆಗುತ್ತಿತ್ತು.

ಕೊನೆಗೆ ಚೆನ್ನವೀರ ಹಿಂದಿನಿಂದ, ಕಂಡಕ್ಟರಂದು ಉಳೀತು ಅಂತ ನೆನಪಿಸಿದ. ಕುರ್ರ್, ದುರಗವ್ವ ಅಂದಳು. ಅಷ್ಟು ದೇವರನ್ನು ಕರೆದರೂ ಅಲುಗದ ಕೂಸು ಆ ಹೆಸರಿಗೆ ಕಣ್ಣು ಬಿಟ್ಟು ಅತ್ತೆಯ ಮೂಗುತಿಗೆ ಕೈ ಹಾಕಿತು. ಕರೆಯುವ ಹೆಸರು ಇದೇ ಅಂತ ಕಸ್ತೂರಿ ಹೇಳಿಬಿಟ್ಟಳು. ಯಾರೂ ಬೇಡ ಅನ್ನಲಿಲ್ಲ.

ಗದ್ದಲ ಇಳಿದ ಮೇಲೆ ಹೆಂಗಸರು ಗುಗ್ಗರಿ ಕಟ್ಟಿಕೊಂಡು ಮನೆಗೆ ಹೋದರು. ಅಜ್ಜ ಬಟ್ಟಲು ಹಿಡಿದು ನಿಧಾನವಾಗಿ ಕಾಳು ಅಗಿಯುತ್ತಿದ್ದರು. ನೀಲವ್ವ ಕೂಸನ್ನು ತೊಟ್ಟಿಲಿಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ಅವರ ಹತ್ತಿರ ಬಂದು ಕೂತಳು. ಮುಖ ತೊಳೆದ ಹಾಗೆ ತಿಳಿಯಾಗಿತ್ತು. ಆದರೂ ಆಸೆ ಅನ್ನುವುದು ಒಂದೇ ದಿನಕ್ಕೆ ಹೋಗುತ್ತದೆಯೇ?

"ಎಲ್ಲಾ ಹೆಸರೂ ಇದಕ್ಕ ಕೊಟ್ಟಬಿಟ್ಟೆ, ಅಜ್ಜಾ. ನಾಳೆ ನನಗೊಂದು ಹುಟ್ಟಿದ್ರ ಇಡಾಕ ನನ್ನ ಹತ್ರ ಹೆಸರ ಉಳದಿಲ್ಲ."

ಅಜ್ಜ ಬಟ್ಟಲು ಕೆಳಗಿಟ್ಟರು.

"ಅದಕ್ಕ ಹೆಸರಿಡಾಕ ಅದರ ಸೋದರತ್ತಿ ಬರ್ತಾಳವ್ವಾ. ನಿನ್ನ ಬಾಯಾಗಿನ ಹೆಸರು ಯಾವತ್ತೂ ಈ ಕೂಸಿಂದೇ ಇತ್ತು."