ಚೊಂಬಾಗದ ದುಡ್ಡು

ಬಾಯಿಂದ ಆ ರೂಪಾಯಿ ತೆಗಿಯೇ ಚಂಪಾ, ನೀನದನ್ನ ನುಂಗಿದ್ರೆ ನಿಮ್ಮಪ್ಪ ನನ್ನ ನುಂಗ್ತಾನೆ. ಹಾಂ, ಮುಷ್ಟೀಲಿಟ್ಕೊ. ಹೊರಳಾಡ್ಬೇಡ, ಕೇಳು.

ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಒಂದು ಕಾಲದಲ್ಲಿ ಒಬ್ಬ ರಾಜ ಇದ್ನಂತೆ, ಅವನಿಗೆ ದುಡ್ಡು ಅಚ್ಚು ಹಾಕಿಕೊಡೋ ಮೌನಾಚಾರಿ ಅಂತ ಒಬ್ಬ ಅಕ್ಕಸಾಲಿ ಇದ್ನಂತೆ. ಅಪ್ಪಟ ತಾಮ್ರದ ದುಡ್ಡು, ಮೇಲೆ ಆನೆ ಮುದ್ರೆ. ಎಳ್ಳಷ್ಟು ಬೆರಕೆ ಮಾಡಿದ್ರೂ ಕೈ ಕಡೀತೀನಿ ಅಂತ ರಾಜನ ಕಟ್ಟಳೆ, ನನ್ನ ಕೈಲಿ ಬೆರಕೆಯಾ ಅಂತ ಆಚಾರಿ ಜಂಬ.

ಆಮೇಲೆ ಏನಾಯ್ತು, ಆ ದುಡ್ಡು ಸಂತೆಯಿಂದ ಮಾಯವಾಗೋಕೆ ಶುರುವಾಯ್ತಂತೆ. ಉಪ್ಪು ಮಾರೋಳ ಹತ್ರ ಚಿಲ್ರೆ ಇಲ್ಲ, ಕೊಳ್ಳೋರ ಹತ್ರಾನೂ ಇಲ್ಲ, ಬಡವ್ರೆಲ್ಲ ಸಪ್ಪೆ ಗಂಜಿ ಕುಡಿದ್ರಂತೆ. ರಾಜ ಆಚಾರಿನ ಕರೆಸಿ, ಮತ್ತೆ ಅಚ್ಚು ಹಾಕು, ಅದೂ ಹೋದ್ರೆ ಇನ್ನೊಂದ್ಸಲ ಹಾಕು, ಮೂರನೇ ಸಲವೂ ದುಡ್ಡು ನಿಲ್ಲದಿದ್ರೆ ಕುಲುಮೆ ಆರಿಸಿ ಊರು ಬಿಡು ಅಂದ್ನಂತೆ.

ಆಚಾರಿಗೆ ಕೂತಲ್ಲಿ ಕೂರೋಕಾಗಲ್ಲ, ನಿಂತಲ್ಲಿ ನಿಲ್ಲೋಕಾಗಲ್ಲ. ನನ್ನ ಕೆಲಸವೇ ಜನಕ್ಕೆ ಹಿಡಿಸ್ಲಿಲ್ವೇನೋ ಅಂದ್ಕೊಂಡು ಇನ್ನೂ ದಪ್ಪ, ಇನ್ನೂ ಚೊಕ್ಕ ದುಡ್ಡು ಮಾಡಿದ್ನಂತೆ. ಪೆದ್ದ! ಅದು ಎಂಟೇ ದಿನಕ್ಕೆ ಮಾಯ.

ಆಮೇಲೆ ಊಟಕ್ಕೆ ಕೂತು ನೀರು ಕೇಳಿದ್ರೆ, ಹೆಂಡತಿ ನೀಲಮ್ಮ ಥಳಥಳ ಅನ್ನೋ ಹೊಸ ಚೊಂಬಲ್ಲಿ ತಂದಿಟ್ಲಂತೆ. ಇದೆಲ್ಲೀದೇ ಅಂದ. ನಿಮ್ಮ ದುಡ್ಡೇ ಅಲ್ವಾ, ನಲವತ್ತು ದುಡ್ಡು ಕೊಟ್ಟು ಚೊಂಬು ಯಾಕೆ ಕೊಳ್ಳಬೇಕು, ಮೂವತ್ತು ಕರಗಿಸಿದ್ರೆ ಚೊಂಬೇ ಆಗುತ್ತೆ, ಊರೆಲ್ಲ ಕಂಚುಗಾರರ ಬೀದೀಲಿ ಅದನ್ನೇ ಮಾಡ್ತಿದೆ, ನಿಮಗೊಬ್ರಿಗೇ ಗೊತ್ತಿಲ್ಲ ಅಂದ್ಲಂತೆ. ಆಚಾರಿ ಕೈಯಲ್ಲಿನ ತುತ್ತು ಕೈಯಲ್ಲೇ ಉಳೀತು.

ಬೆರೆಸಿದ್ರೆ ಕೈ ಹೋಗುತ್ತೆ, ಬೆರೆಸದಿದ್ರೆ ಊರು ಹೋಗುತ್ತೆ. ಮೂರು ದಿನ ಕುಲುಮೆ ಸುತ್ತ ಸುತ್ತಿ ಸುತ್ತಿ, ಕೊನೆಗೆ ತಾಮ್ರ ಒಂದು ಪಾಲು, ಸೀಸ ಎರಡು ಪಾಲು, ಚೂರು ತವರ ಹಾಕಿ ಮಂಕು ಮಂಕು ದುಡ್ಡು ಮಾಡಿ, ತಾನೇ ರಾಜನ ಮುಂದಿಟ್ಟು, ಬುದ್ಧೀ, ಇದು ಬೆರಕೆ ದುಡ್ಡು, ನಾನೇ ಮಾಡ್ದೆ, ಇದನ್ನ ಕರಗಿಸಿ ಯಾರೂ ಚೊಂಬು ಮಾಡಲ್ಲ ಅಂದ್ನಂತೆ. ರಾಜ ಕಲ್ಲಿನ ಮೇಲೆ ಕುಕ್ಕಿದ್ರೆ ಠಣ್ ಅನ್ನಲಿಲ್ಲ, ಟಪ್ ಅಂತು. ನನ್ನ ಮುದ್ರೆ ಕರಗಿಸೋ ಎದೆಗಾರಿಕೆ ಯಾರಿಗಿದೆ, ಸುಳ್ಳ, ಕತ್ತಿ ತನ್ನಿ ಅಂದ್ನಂತೆ.

ಗಂಡನ ಹಿಂದೇನೇ ಬಂದಿದ್ದ ನೀಲಮ್ಮ ಸುಮ್ನಿರೋಳಾ? ಕತ್ತಿ ಆಮೇಲೆ ತರಿಸಿ ಬುದ್ಧೀ, ಕಂಚುಗಾರರು ನಂಗೆಲ್ಲ ಹೇಳಿದ್ದಾರೆ, ಮೊದ್ಲು ನಿಮ್ಮ ಬಚ್ಚಲ ಹಂಡೆ ಬೋರಲು ಹಾಕಿಸಿ ಅಂದ್ಲಂತೆ. ಬೋರಲು ಹಾಕಿ ಮಸಿ ಕೆರೆದ್ರೆ ತಳದ ತೂತಿಗೊಂದು ತೇಪೆ, ತೇಪೆ ಮೇಲೆ ಅರ್ಧ ಸವೆದ ಆನೆ ಸೊಂಡಿಲು! ರಾಜನ ಮುಖ ಚಿಕ್ಕದಾಯ್ತಂತೆ. ಅಯ್ಯೋ, ದಿನಾ ಬೆಳಗ್ಗೆ ಜನರ ಉಪ್ಪಿನ ದುಡ್ಡು ಕಾಯಿಸಿಕೊಂಡು ಮೈಮೇಲೆ ಹುಯ್ಕೊಂಡ್ನಲ್ಲ ಅಂದ್ನಂತೆ.

ಆಚಾರಿ ಕೈಯೂ ಉಳೀತು, ಊರೂ ಉಳೀತು, ಮಂಕು ದುಡ್ಡು ಸಂತೆ ತುಂಬ ಓಡಾಡ್ತು, ಎಲ್ಲರ ಗಂಜಿಗೂ ಉಪ್ಪು ಬಿತ್ತು. ನಿನ್ನ ಮುಷ್ಟೀಲಿರೋದೂ ಅಂಥದ್ದೇ ಕಣೇ, ಚೊಂಬೂ ಆಗಲ್ಲ, ಸೌಟೂ ಆಗಲ್ಲ. ಯಾರೂ ಕರಗಿಸಲಿಲ್ಲ, ಅದಕ್ಕೇ ನಿನ್ನ ತನಕ ಬಂತು.

ಚಂಪಾ? ಮುಷ್ಟಿ ಸಡಿಲ ಆಯ್ತು. ಕತೆ ಮುಗೀತು, ಇನ್ನು ನಾನೂ ಕಾಲು ಚಾಚ್ತೀನಿ.